ಬಸ್ಸು ಯಾರ ಬೀದಿಗೆ ಬರುತ್ತದೆ: ಅಮೆರಿಕದಲ್ಲಿರುವ ಕನ್ನಡಿಗರಿಗೊಂದು ಮಾರ್ಗದರ್ಶಿ

1995ರ ಡಿಸೆಂಬರ್. ನ್ಯೂಯಾರ್ಕ್ ರಾಜ್ಯದ ಬಫಲೋ. 17 ವರ್ಷದ ಒಬ್ಬ ಕಪ್ಪು ಹುಡುಗಿ ಕೆಲಸಕ್ಕೆ ಹೋಗಲು 6ನೇ ನಂಬರ್ ಬಸ್ಸಿನಿಂದ ಇಳಿದಳು. ಅವಳು ಕೆಲಸ ಮಾಡುತ್ತಿದ್ದ ಮಾಲ್ ರಸ್ತೆಯ ಆಚೆ ಬದಿಗಿತ್ತು. ಕಪ್ಪು ಜನರ ಬಡಾವಣೆಗಳಿಂದ ಬರುವ ಆ ಬಸ್ಸಿಗೆ ಮಾಲ್ ಆವರಣದೊಳಗೆ ಪ್ರವೇಶ ಇರಲಿಲ್ಲ. ಕೆನಡಾದಿಂದ ಶಾಪಿಂಗಿಗೆ ಬರುವ ಟೂರ್ ಬಸ್ಸುಗಳಿಗೆ ಇತ್ತು. ಎದುರಿಗೆ ಏಳು ಲೇನಿನ ರಸ್ತೆ, ಬದಿಯಲ್ಲಿ ಹಿಮದ ಗುಡ್ಡೆ. ದಾಟುವಾಗ ಲಾರಿ ಹೊಡೆಯಿತು. ಜನವರಿಯಲ್ಲಿ ತೀರಿಕೊಂಡಳು.

ಅಲ್ಲಿ ಯಾರೂ ಅವಳನ್ನು ಬೈದು ಓಡಿಸಿರಲಿಲ್ಲ. ಬಸ್ ಎಲ್ಲಿ ನಿಲ್ಲಬೇಕು ಅಂತ ಯಾರೋ ಮೊದಲೇ ತೀರ್ಮಾನ ಮಾಡಿದ್ದರು, ಅಷ್ಟೇ. ಅಮೆರಿಕದ ಊರೂರಲ್ಲೂ ಇಂಥ ತೀರ್ಮಾನಗಳು ಇವತ್ತಿಗೂ ಆಗುತ್ತಲೇ ಇವೆ. ಯಾವ ರೂಟಿಗೆ ಭಾನುವಾರ ಬಸ್ ಬೇಡ, ಯಾವ ರಸ್ತೆಗೆ ಫುಟ್‌ಪಾತ್ ಬೇಕು, ಹೊಸ ರೈಲು ಯಾವ ಕಡೆ ಹೋಗಬೇಕು, ಇವೆಲ್ಲ ವಾರದ ನಡುವಿನ ಸಪ್ಪೆ ಮೀಟಿಂಗುಗಳಲ್ಲಿ ನಿರ್ಧಾರ ಆಗುತ್ತವೆ. ಎರಡು ಕಡೆ ಕೆಲಸ ಮಾಡಿ, ಎರಡು ಬಸ್ ಬದಲಿಸಿ, ರಾತ್ರಿ ಮನೆ ಸೇರುವವರು ಆ ಮೀಟಿಂಗಿಗೆ ಹೋಗಿ ಕೂರುವುದು ಹೇಗೆ? ಫ್ರೀಮಾಂಟ್, ಎಡಿಸನ್, ಆಲ್ಫರೆಟ್ಟಾ, ಪ್ಲೇನೋದಲ್ಲಿ ಕೂತಿರುವ ನಮಗೆ ಕಾರಿದೆ, ಇಂಗ್ಲಿಷ್ ಬರುತ್ತದೆ, ಲ್ಯಾಪ್‌ಟಾಪ್ ತೆಗೆದು ಝೂಮ್‌ನಲ್ಲಿ ಸೇರುವ ಸೌಕರ್ಯವೂ ಇದೆ. ಇದನ್ನು ಯಾರ ಪರವಾಗಿ ಬಳಸುತ್ತೇವೆ ಅನ್ನುವುದೇ ಪ್ರಶ್ನೆ.

ಇನ್ನೊಂದು ಮಾತು. 1955ರ ಡಿಸೆಂಬರ್ 1ರಂದು ಮಾಂಟ್ಗೊಮರಿಯಲ್ಲಿ ರೋಸಾ ಪಾರ್ಕ್ಸ್ ಬಸ್ ಸೀಟು ಬಿಟ್ಟುಕೊಡಲಿಲ್ಲ. ಅದೇ ವರ್ಷ ಮಾರ್ಚ್‌ನಲ್ಲಿ 15 ವರ್ಷದ ಕ್ಲಾಡೆಟ್ ಕೋಲ್ವಿನ್ ಕೂಡ ಬಿಟ್ಟುಕೊಟ್ಟಿರಲಿಲ್ಲ. ಆಮೇಲೆ ಆ ಊರಿನ ಕಪ್ಪು ಜನ 381 ದಿನ ಬಸ್ ಹತ್ತದೆ ನಡೆದರು, ಕಾರು ಹಂಚಿಕೊಂಡರು. ಆ ಹೋರಾಟ ಬೆಳೆದು 1964ರ ನಾಗರಿಕ ಹಕ್ಕು ಕಾನೂನು ಬಂತು. ಮರುವರ್ಷವೇ, ಅದೇ ಗಾಳಿಯಲ್ಲಿ, ಭಾರತೀಯರಿಗೆ ಈ ದೇಶದ ಬಾಗಿಲು ತೆರೆದ 1965ರ ವಲಸೆ ಕಾನೂನು ಬಂತು. ಹಾಗಾಗಿ ಇದು ಬೇರೆಯವರ ವಿಷಯ ಅಂತ ಸುಮ್ನೆ ಕೂರುವ ಹಾಗಿಲ್ಲ.

ಮೊದಲು ನಿಮ್ಮೂರಿನ ನಕ್ಷೆ ನೋಡಿ

ಊರಿನ ನಕ್ಷೆಯಲ್ಲೇ ಮೇಲುಕೀಳು ಬರೆದಿರುತ್ತದೆ ಅನ್ನುವುದನ್ನು ನಮಗೆ ಬಿಡಿಸಿ ಹೇಳಬೇಕಾಗಿಲ್ಲ. ಕೇರಿ ಎಲ್ಲಿರುತ್ತದೆ, ಬಸ್ ಎಲ್ಲಿ ನಿಲ್ಲುತ್ತದೆ, ನೋಡಿಯೇ ಬೆಳೆದಿದ್ದೇವೆ ಅಲ್ವಾ. 1901ರಲ್ಲಿ ಬಾಲಕ ಅಂಬೇಡ್ಕರ್ ಮಸೂರ್ ಸ್ಟೇಷನ್ನಿನಲ್ಲಿ ರೈಲು ಇಳಿದಾಗ ಗಾಡಿಯವರು ಯಾರೂ ಹತ್ತಿಸಿಕೊಳ್ಳಲಿಲ್ಲ. ಕೊನೆಗೆ ಎರಡು ಪಟ್ಟು ಬಾಡಿಗೆ ಕೊಟ್ಟು ಮಕ್ಕಳೇ ಗಾಡಿ ಹೊಡೆದುಕೊಂಡು ಹೋಗಬೇಕಾಯಿತು. ಓಡಾಟಕ್ಕೂ ಮಾನಕ್ಕೂ ಇರುವ ನಂಟು ನಮ್ಮ ಕಡೆಯವರಿಗೆ ಗೊತ್ತಿರುವಂಥದ್ದೇ.

ಅಮೆರಿಕದಲ್ಲಿ ಇದು ಹೇಗಾಯಿತು ಅಂತ ನೋಡಲು ರಿಚ್ಮಂಡ್ ವಿಶ್ವವಿದ್ಯಾಲಯದ ‘ಮ್ಯಾಪಿಂಗ್ ಇನ್‌ಈಕ್ವಾಲಿಟಿ’ ಜಾಲತಾಣ ತೆರೆಯಿರಿ. 1930ರ ದಶಕದಲ್ಲಿ ಒಂದು ಸರ್ಕಾರಿ ಸಂಸ್ಥೆ ಊರುಗಳ ನಕ್ಷೆ ಮಾಡಿ ಬಡಾವಣೆಗಳಿಗೆ ಎ, ಬಿ, ಸಿ, ಡಿ ಅಂತ ದರ್ಜೆ ಕೊಟ್ಟಿತ್ತು. ಕಪ್ಪು ಜನ ಇದ್ದ ಬಡಾವಣೆ ಹೆಚ್ಚುಕಮ್ಮಿ ಎಲ್ಲ ಕಡೆ ಡಿ, ಬಣ್ಣ ಕೆಂಪು. ಅಲ್ಲಿ ಮನೆ ಸಾಲ ಸಿಗುವುದು ಕಷ್ಟ. 1956ರಲ್ಲಿ ಹೆದ್ದಾರಿ ಕಾನೂನು ಬಂದಾಗ ಖರ್ಚಿನ ಶೇ. 90ರಷ್ಟನ್ನು ಕೇಂದ್ರ ಸರ್ಕಾರವೇ ಕೊಟ್ಟಿತು. ಊರುಗಳು ಆ ರಸ್ತೆಗಳನ್ನು ಇದೇ ಕೆಂಪು ಬಡಾವಣೆಗಳ ನಡುವೆ ಎಳೆದವು. ಸೇಂಟ್ ಪಾಲ್‌ನ ರೊಂಡೋ, ಮಯಾಮಿಯ ಓವರ್‌ಟೌನ್, ಡೆಟ್ರಾಯಿಟ್‌ನ ಬ್ಲ್ಯಾಕ್ ಬಾಟಮ್, ನ್ಯೂ ಆರ್ಲಿಯನ್ಸ್‌ನ ಕ್ಲೇಬೋರ್ನ್ ಅವೆನ್ಯೂ, ಎಲ್ಲ ಕಡೆಯೂ ಅಂಗಡಿ, ಚರ್ಚು, ಮನೆ ಕೆಡವಿ ರಸ್ತೆ ಮಾಡಿದರು.

ಬೇ ಏರಿಯಾದವರು ವೆಸ್ಟ್ ಓಕ್‌ಲ್ಯಾಂಡಿಗೆ ಒಮ್ಮೆ ಹೋಗಿ ಬನ್ನಿ. ಅಲ್ಲಿನ 7ನೇ ಬೀದಿ ಒಂದು ಕಾಲಕ್ಕೆ ಕಪ್ಪು ಜನರ ಅಂಗಡಿ, ಸಂಗೀತ, ಹೋಟೆಲುಗಳಿಂದ ತುಂಬಿದ್ದ ಬೀದಿ. ಮೊದಲು ಸೈಪ್ರೆಸ್ ಹೆದ್ದಾರಿ ಬಡಾವಣೆಯನ್ನು ಸೀಳಿತು. ಆಮೇಲೆ ಬಾರ್ಟ್ ರೈಲಿನ ಮೇಲ್ಸೇತುವೆ ಅದೇ ಬೀದಿಯ ಮೇಲೆ ಬಂತು. 1989ರ ಭೂಕಂಪದಲ್ಲಿ ಆ ಎರಡಂತಸ್ತಿನ ಹೆದ್ದಾರಿ ಕುಸಿದು 42 ಜನ ಸತ್ತರು. ಮತ್ತೆ ಅದೇ ಜಾಗದಲ್ಲಿ ಕಟ್ಟುವುದು ಬೇಡ ಅಂತ ಅಲ್ಲಿನ ಜನ ಹಟ ಹಿಡಿದರು. ಹೊಸ ಹೆದ್ದಾರಿ ರೈಲ್ವೆ ಯಾರ್ಡಿನ ಕಡೆಗೆ ಸರಿಯಿತು. ಹಳೆಯ ಜಾಗದಲ್ಲಿ ಈಗ ಮರಗಿಡ ಇರುವ ಮಂಡೇಲಾ ಪಾರ್ಕ್‌ವೇ ಇದೆ. ಪಟ್ಟು ಹಿಡಿದು ಕೇಳಿದರೆ ಹೆದ್ದಾರಿಯೂ ಸರಿಯುತ್ತದೆ ಅನ್ನುವುದಕ್ಕೆ ನನಗೆ ಇದಕ್ಕಿಂತ ಒಳ್ಳೆ ಉದಾಹರಣೆ ಗೊತ್ತಿಲ್ಲ.

ನಿಮ್ಮದು ಹೊಸ ಉಪನಗರವಾದರೆ ಹಳೆಯ ಕೆಂಪು ನಕ್ಷೆ ಸಿಗುವುದಿಲ್ಲ. ಆಗ ಜನಗಣತಿ ಜಾಲತಾಣದಲ್ಲಿ ಎರಡು ಲೆಕ್ಕ ನೋಡಿ: ಯಾವ ಬಡಾವಣೆಯಲ್ಲಿ ಯಾವ ಜನಾಂಗದವರು ಎಷ್ಟಿದ್ದಾರೆ, ಕಾರೇ ಇಲ್ಲದ ಮನೆಗಳು ಎಷ್ಟು. ಅದರ ಪಕ್ಕಕ್ಕೆ ಬಸ್ ರೂಟ್ ನಕ್ಷೆ ಇಟ್ಟುಕೊಳ್ಳಿ. ಅರ್ಧ ಕಥೆ ಅಲ್ಲೇ ಕಾಣುತ್ತದೆ.

ಬಸ್ ಹತ್ತಿ

ನಕ್ಷೆ ನೋಡಿದ್ದು ಸಾಕು ಅಂತ ಇಲ್ಲಿಗೇ ನಿಲ್ಲಬೇಡಿ. ಕಾರು ಮನೆಯಲ್ಲಿ ಬಿಟ್ಟು, ಕಾರಿಲ್ಲದ ಮನೆಗಳು ಜಾಸ್ತಿ ಇರುವ ಬಡಾವಣೆಯಿಂದ ಊರಿನ ದೊಡ್ಡ ಆಸ್ಪತ್ರೆಗೋ ಗೋದಾಮುಗಳಿರುವ ಕಡೆಗೋ ಬಸ್ಸಲ್ಲಿ ಹೋಗಿ. ಹಗಲು ಹೊತ್ತಲ್ಲಿ ಹೋದರೆ ಏನೂ ಗೊತ್ತಾಗುವುದಿಲ್ಲ. ರಾತ್ರಿ ಪಾಳಿ ಮುಗಿಯುವ ಹೊತ್ತಿಗೆ ಹೋಗಿ, ಭಾನುವಾರ ಬೆಳಿಗ್ಗೆ ಹೋಗಿ.

ಬರೆದುಕೊಳ್ಳಬೇಕಾದದ್ದು ಇಷ್ಟು. ಸ್ಟಾಪಿನಲ್ಲಿ ಕೂರಲು ಬೆಂಚು ಇದೆಯಾ, ಮೇಲೆ ನೆರಳು ಇದೆಯಾ, ಅಥವಾ ಹುಲ್ಲಿನ ನಡುವೆ ಬರೀ ಒಂದು ಕಂಬವಾ. ರಾತ್ರಿ ದೀಪ ಇದೆಯಾ. ಇಳಿದ ಮೇಲೆ ರಸ್ತೆ ದಾಟಲು ಸಿಗ್ನಲ್ ಎಷ್ಟು ದೂರ. ವೀಲ್‌ಚೇರ್ ಅಥವಾ ಮಗುವಿನ ಸ್ಟ್ರೋಲರ್ ತಳ್ಳಿಕೊಂಡು ಹೋಗಲು ಫುಟ್‌ಪಾತ್ ಪೂರ್ತಿ ಇದೆಯಾ, ಮಧ್ಯದಲ್ಲಿ ಮುಗಿದು ಹೋಗುತ್ತದಾ. ಹೇಳಿದ ಹೊತ್ತಿಗೆ ಬಸ್ ಬಂತಾ. ಅದೇ ಜಾಗಕ್ಕೆ ಕಾರಲ್ಲಿ ಎಷ್ಟು ನಿಮಿಷ, ಬಸ್ಸಲ್ಲಿ ಎಷ್ಟು. ಫೋನಲ್ಲಿ ಫೋಟೋ ತೆಗೆಯಿರಿ, ಸಮಯ ಗುರುತು ಹಾಕಿ. ಮನುಷ್ಯರ ಮುಖ ಬರದ ಹಾಗೆ ತೆಗೆಯಿರಿ, ಅದು ಮುಖ್ಯ.

ಬಸ್ಸಿಲ್ಲದ ಊರಿನ ಸಂಕಟ ನಮ್ಮ ಮನೆಗಳಲ್ಲೂ ಸ್ವಲ್ಪ ಗೊತ್ತಿದೆ. ಊರಿಂದ ಅಪ್ಪ ಅಮ್ಮ ಬಂದರೆ ಆರು ತಿಂಗಳು ಕಿಟಕಿ ಪಕ್ಕ ಕೂತು, ಮಗ ಸೊಸೆ ಶನಿವಾರ ಎಲ್ಲಿಗಾದರೂ ಕರೆದುಕೊಂಡು ಹೋಗಲಿ ಅಂತ ಕಾಯುತ್ತಾರೆ. ಜಯನಗರದಲ್ಲಿ ದಿನಾ ಒಬ್ಬರೇ ಬಸ್ ಹತ್ತಿ ಮಾರ್ಕೆಟ್ಟಿಗೆ ಹೋಗುತ್ತಿದ್ದ ಅತ್ತೆ ಇಲ್ಲಿ ಹಾಲು ತರಲೂ ಒಬ್ಬರನ್ನು ಕೇಳಬೇಕು. ಡ್ರೈವಿಂಗ್ ಬಾರದೆ ಹೊಸದಾಗಿ ಬಂದ ಹೆಣ್ಣುಮಕ್ಕಳ ಪಾಡೂ ಇದೇ. ಆದರೆ ಅವರಿಗೆ ಮನೆಯಲ್ಲಿ ಒಂದು ಕಾರಾದರೂ ಇದೆ. ಕೆಲಸ ಉಳಿಯುವುದು, ಡಯಾಲಿಸಿಸ್‌ಗೆ ಹೊತ್ತಿಗೆ ಸರಿಯಾಗಿ ತಲುಪುವುದು, ಎಲ್ಲವೂ ಬಸ್ಸಿನ ಮೇಲೆ ನಿಂತಿರುವವರ ಕಷ್ಟಕ್ಕೆ ಇದನ್ನು ಸಮ ಅನ್ನಬೇಡಿ.

ದಿನಾ ಓಡಾಡುವವರನ್ನು ಕೇಳಿ, ಅವರ ಹಿಂದೆ ನಿಲ್ಲಿ

ಎಲ್ಲ ಊರಲ್ಲೂ ಈ ಕೆಲಸ ಮಾಡುತ್ತಿರುವವರು ಈಗಾಗಲೇ ಇದ್ದಾರೆ: ಬಸ್ ಪ್ರಯಾಣಿಕರ ಸಂಘ, ಕಪ್ಪು ಜನರ ಚರ್ಚು, ಬಾಡಿಗೆದಾರರ ಸಂಘ, ಬಸ್ ಡ್ರೈವರುಗಳ ಯೂನಿಯನ್. ಹೊಸದೊಂದು ಸಂಘ ಕಟ್ಟಿ ಅಧ್ಯಕ್ಷರಾಗುವ ಆಸೆ ನಮ್ಮವರಿಗೆ ಸ್ವಲ್ಪ ಜಾಸ್ತಿ. ಇಲ್ಲಿ ಅದು ಬೇಡ. ಅವರ ಸಭೆಗೆ ಹೋಗಿ, ಹಿಂದಿನ ಸಾಲಲ್ಲಿ ಕೂತು, ಏನು ಮಾಡಿಕೊಡಲಿ ಅಂತ ಕೇಳಿ. ಎಕ್ಸೆಲ್ ಶೀಟು, ನಕ್ಷೆ, ಮೀಟಿಂಗ್ ಹೊತ್ತಲ್ಲಿ ಮಕ್ಕಳನ್ನು ನೋಡಿಕೊಳ್ಳುವುದು, ಕಾರಲ್ಲಿ ಕರೆದುಕೊಂಡು ಹೋಗುವುದು, ಎಲ್ಲವೂ ಕೆಲಸವೇ.

ಲಾಸ್ ಏಂಜಲೀಸ್‌ನಲ್ಲಿ 1994ರಲ್ಲಿ ಆದದ್ದು ಗೊತ್ತಿರಲಿ. ಅಲ್ಲಿನ ಸಾರಿಗೆ ಸಂಸ್ಥೆ ಬಸ್ ಟಿಕೆಟ್ ದರ 1.10 ಡಾಲರಿನಿಂದ 1.35ಕ್ಕೆ ಏರಿಸಿ, ತಿಂಗಳ ಪಾಸನ್ನೇ ತೆಗೆಯಲು ಹೊರಟಿತ್ತು. ಇತ್ತ ರೈಲು ಯೋಜನೆಗಳಿಗೆ ದುಡ್ಡು ಸುರಿಯುತ್ತಿತ್ತು. ಬಸ್ಸಿನಲ್ಲಿ ನಿಂತು ಹೋಗುತ್ತಿದ್ದವರು ಬಹುಪಾಲು ಕಪ್ಪು ಮತ್ತು ಲ್ಯಾಟಿನೋ ಜನ. ಬಸ್ ರೈಡರ್ಸ್ ಯೂನಿಯನ್ ಅಂತ ಸೇರಿದ ಪ್ರಯಾಣಿಕರು ಕೋರ್ಟಿಗೆ ಹೋದರು. 1996ರಲ್ಲಿ ರಾಜಿ ಒಪ್ಪಂದ ಆಗಿ, ತಿಂಗಳ ಪಾಸು ಉಳಿಯಿತು, ಬಸ್ಸಿನ ನೂಕುನುಗ್ಗಲು ಕಡಿಮೆ ಮಾಡುವ ಜವಾಬ್ದಾರಿ ಹತ್ತು ವರ್ಷ ಸಂಸ್ಥೆಯ ಮೇಲೆ ಬಿತ್ತು. ಇದನ್ನು ಶುರು ಮಾಡಿದವರು ಬಸ್ಸಿನೊಳಗೇ ಹೋಗಿ ಸೀಟಿನಿಂದ ಸೀಟಿಗೆ ಮಾತಾಡಿ ಜನ ಸೇರಿಸಿದ್ದರು.

ಸಣ್ಣದೊಂದು ಕೆಲಸ ಇವತ್ತೇ ಮಾಡಬಹುದು. ಕಡಿಮೆ ಆದಾಯದವರಿಗೆ ರಿಯಾಯಿತಿ ದರದ ಕಾರ್ಡುಗಳಿವೆ: ಸಿಯಾಟಲ್‌ನಲ್ಲಿ ಓರ್ಕಾ ಲಿಫ್ಟ್, ಬೇ ಏರಿಯಾದಲ್ಲಿ ಕ್ಲಿಪರ್ ಸ್ಟಾರ್ಟ್, ನ್ಯೂಯಾರ್ಕ್ ನಗರದಲ್ಲಿ ಫೇರ್ ಫೇರ್ಸ್. ಅರ್ಹರಾದರೂ ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ. ನಿಮ್ಮ ಮನೆ ಕ್ಲೀನ್ ಮಾಡಲು ಬರುವವರಿಗೆ, ಮಗು ನೋಡಿಕೊಳ್ಳುವವರಿಗೆ, ದೇವಸ್ಥಾನದ ಅಡುಗೆಮನೆಯಲ್ಲಿ ಕೆಲಸ ಮಾಡುವವರಿಗೆ ಹೇಳಿ, ಅರ್ಜಿ ತುಂಬಿಕೊಡಿ.

ಸಂಸ್ಥೆಯ ಕಾಗದ ಪತ್ರ ಓದಿ

ಇಲ್ಲಿ ಸ್ವಲ್ಪ ತಾಳ್ಮೆ ಬೇಕು, ಆದರೆ ಕೆಲಸ ಆಗುವುದು ಇಲ್ಲಿಂದಲೇ. 1964ರ ಕಾನೂನಿನ ‘ಟೈಟಲ್ 6’ ಪ್ರಕಾರ ಕೇಂದ್ರದ ದುಡ್ಡು ತೆಗೆದುಕೊಳ್ಳುವ ಯಾರೂ ಜನಾಂಗ, ಬಣ್ಣ, ಮೂಲ ದೇಶದ ಆಧಾರದಲ್ಲಿ ತಾರತಮ್ಯ ಮಾಡುವ ಹಾಗಿಲ್ಲ. ಸಾರಿಗೆ ಸಂಸ್ಥೆಗಳು ಮೂರು ವರ್ಷಕ್ಕೊಮ್ಮೆ ‘ಟೈಟಲ್ 6 ಪ್ರೋಗ್ರಾಂ’ ಅನ್ನುವ ದಾಖಲೆ ಕೊಡಬೇಕು. ಜಾಲತಾಣದಲ್ಲಿ ಹುಡುಕಿ, ಸಿಗದಿದ್ದರೆ ಮೇಲ್ ಮಾಡಿ ಕೇಳಿ. ಬಸ್ ಎಷ್ಟು ತುಂಬಿರಬಹುದು, ಎಷ್ಟು ನಿಮಿಷಕ್ಕೊಂದು ಬರಬೇಕು, ಹೊತ್ತಿಗೆ ಸರಿಯಾಗಿ ಬರುತ್ತದಾ, ನೆರಳಿನ ಶೆಡ್ಡು ಬೆಂಚು ಎಲ್ಲಿ ಹಾಕುತ್ತಾರೆ, ಹೊಸ ಬಸ್ ಯಾವ ರೂಟಿಗೆ, ಹಳೆಯದು ಯಾವ ರೂಟಿಗೆ, ಎಲ್ಲ ಅದರಲ್ಲಿ ಬರೆದಿರಬೇಕು. ಎರಡು ಲಕ್ಷಕ್ಕಿಂತ ಜಾಸ್ತಿ ಜನ ಇರುವ ನಗರ ಪ್ರದೇಶದಲ್ಲಿ 50 ಅಥವಾ ಹೆಚ್ಚು ಬಸ್ ಓಡಿಸುವ ಸಂಸ್ಥೆಯಾದರೆ, ರೂಟು ದೊಡ್ಡ ಪ್ರಮಾಣದಲ್ಲಿ ಬದಲಿಸುವ ಮುಂಚೆ ಅಥವಾ ದರ ಏರಿಸುವ ಮುಂಚೆ ಅದರ ಹೊಡೆತ ಯಾರ ಮೇಲೆ ಬೀಳುತ್ತದೆ ಅಂತ ಲೆಕ್ಕ ಹಾಕಿ ತೋರಿಸಬೇಕು. 2012ರ ಕೇಂದ್ರ ಸುತ್ತೋಲೆ ಹೇಳಿದ್ದು ಇದನ್ನೇ.

ನೀವು ಬಸ್ಸಲ್ಲಿ ಬರೆದುಕೊಂಡದ್ದನ್ನು ಈ ಕಾಗದದ ಪಕ್ಕ ಇಡಿ. 15 ನಿಮಿಷಕ್ಕೊಂದು ಅಂತ ಕಾಗದದಲ್ಲಿದ್ದು, ಅದೇ ರೂಟಿನಲ್ಲಿ ಮುಕ್ಕಾಲು ಗಂಟೆ ಕಾದಿದ್ದರೆ, ನಿಮ್ಮ ಕೈಯಲ್ಲಿ ಒಂದು ಗಟ್ಟಿ ಮಾತಿದೆ ಅಂತ ಅರ್ಥ.

ಇನ್ನೊಂದು ಜಾಗ ಎಂಪಿಒ. 50 ಸಾವಿರಕ್ಕಿಂತ ಜಾಸ್ತಿ ಜನ ಇರುವ ಪ್ರತಿ ನಗರ ಪ್ರದೇಶಕ್ಕೂ ಇಂಥದೊಂದು ಯೋಜನಾ ಸಂಸ್ಥೆ ಇರುತ್ತದೆ. ಬೇ ಏರಿಯಾದಲ್ಲಿ ಎಂಟಿಸಿ, ಅಟ್ಲಾಂಟಾದಲ್ಲಿ ಎಆರ್‌ಸಿ, ಶಿಕಾಗೋದಲ್ಲಿ ಸಿಮ್ಯಾಪ್. ಕೇಂದ್ರದ ದುಡ್ಡು ಯಾವ ರಸ್ತೆಗೆ, ಯಾವ ಬಸ್ಸಿಗೆ ಅನ್ನುವ ಪಟ್ಟಿ ಇಲ್ಲಿ ತಯಾರಾಗುತ್ತದೆ. ಕರಡು ಬಂದಾಗ ಸಾರ್ವಜನಿಕರ ಅಭಿಪ್ರಾಯ ಕೇಳುತ್ತಾರೆ. ಬರೆಯುವವರು ಬಹಳ ಕಡಿಮೆ, ಅದಕ್ಕೇ ಬರೆದವರ ಮಾತಿಗೆ ತೂಕ ಜಾಸ್ತಿ.

ಎರಡು ನಿಮಿಷ ಮಾತಾಡಿ

ವೀಸಾ ಮೇಲೆ ಇರುವವರು ಮಾತಾಡಬಹುದಾ ಅಂತ ಎಲ್ಲರೂ ಕೇಳುತ್ತಾರೆ. ಸಾರ್ವಜನಿಕ ಸಭೆಯಲ್ಲಿ ಅಭಿಪ್ರಾಯ ಹೇಳಲು ಪೌರತ್ವ ಬೇಕಿಲ್ಲ. ಮತ ಹಾಕಲು ಬೇಕು. ಟೈಟಲ್ 6 ದೂರು ಕೊಡಲೂ ಪೌರತ್ವ ಬೇಕಿಲ್ಲ.

ಸಭೆಯ ಅಜೆಂಡಾ ಮುಂಚೆಯೇ ಹಾಕಬೇಕು ಅಂತ ನಿಯಮ ಇದೆ. ಕ್ಯಾಲಿಫೋರ್ನಿಯಾದಲ್ಲಾದರೆ ಮಾಮೂಲಿ ಸಭೆಗೆ 72 ಗಂಟೆ ಮುಂಚೆ. ಸಾಮಾನ್ಯವಾಗಿ ಎರಡೋ ಮೂರೋ ನಿಮಿಷ ಕೊಡುತ್ತಾರೆ. ಇತಿಹಾಸ ಹೇಳಲು ಹೋಗಬೇಡಿ, ಹೊತ್ತು ಮುಗಿದು ಹೋಗುತ್ತದೆ. ಹೀಗೆ ಹೇಳಿದರೆ ಸಾಕು:

“ನಾನು ಇಂಥ ಊರಿನವರು. ಇಂಥ ನಂಬರಿನ ಬಸ್ಸಿನಿಂದ ಇಂಥ ಸ್ಟಾಪಿನಲ್ಲಿ ಇಳಿದರೆ ಎದುರಿನ ಅಪಾರ್ಟ್‌ಮೆಂಟಿಗೆ ಹೋಗಲು ಹತ್ತಿರದ ಸಿಗ್ನಲ್ ಅರ್ಧ ಮೈಲಿ ದೂರ. ರಾತ್ರಿ ಪಾಳಿಯವರು ಕತ್ತಲಲ್ಲಿ ಐದು ಲೇನ್ ದಾಟುತ್ತಾರೆ. ಇಗೋ ಫೋಟೋ. ಈ ಬಜೆಟ್ಟಿನಲ್ಲೇ ಇಲ್ಲೊಂದು ಸಿಗ್ನಲ್ ಮತ್ತು ದೀಪ ಹಾಕಿ. ಯಾವ ತಾರೀಕಿನೊಳಗೆ ಉತ್ತರ ಕೊಡುತ್ತೀರಿ?”

ಒಂದು ಜಾಗ, ಒಂದು ಬೇಡಿಕೆ, ಒಂದು ತಾರೀಕು. ಆಮೇಲೆ ಅದನ್ನೇ ಮೇಲ್ ಮಾಡಿ, ದಾಖಲೆಗೆ ಸೇರುತ್ತದೆ. ಮತ್ತೆ, ದಿನಾ ಆ ಬಸ್ಸಲ್ಲಿ ಬರುವವರೇ ಮಾತಾಡಲು ಬಂದಿದ್ದರೆ ನಿಮ್ಮ ಸರದಿಯನ್ನು ಅವರಿಗೆ ಬಿಟ್ಟುಕೊಡಿ. ಅವರಿಗೆ ಇಂಗ್ಲಿಷ್ ಕಷ್ಟವಾದರೆ ಅನುವಾದಕರನ್ನು ಸಂಸ್ಥೆಯೇ ಒದಗಿಸಲಿ ಅಂತ ಮುಂಚೆಯೇ ಬರೆದು ಕೇಳಿ.

ದೂರು ಕೊಡಬೇಕಾಗಿ ಬಂದರೆ

ಮಾತಿಗೆ ಬಗ್ಗದಿದ್ದರೆ ದೂರು. ಘಟನೆ ಆದ 180 ದಿನದೊಳಗೆ ಸಾರಿಗೆ ಸಂಸ್ಥೆಗೋ, ಊರಿನ ಬಸ್ಸು ರೈಲಿಗೆ ಕೇಂದ್ರದ ದುಡ್ಡು ಕೊಡುವ ಎಫ್‌ಟಿಎ ಎಂಬ ಇಲಾಖೆಯ ನಾಗರಿಕ ಹಕ್ಕು ಕಚೇರಿಗೋ ಕೊಡಬೇಕು. 2009ರಲ್ಲಿ ಓಕ್‌ಲ್ಯಾಂಡ್ ವಿಮಾನ ನಿಲ್ದಾಣಕ್ಕೆ ಬಾರ್ಟ್ ಒಂದು ರೈಲು ಸಂಪರ್ಕ ಕಟ್ಟಲು ಹೊರಟಾಗ, ಅದರಿಂದ ಬಡವರಿಗೂ ಕಪ್ಪು ಜನರಿಗೂ ಏನು ಲಾಭ ನಷ್ಟ ಅಂತ ಲೆಕ್ಕವನ್ನೇ ಹಾಕಿಲ್ಲ ಎಂದು ಸ್ಥಳೀಯ ಸಂಘಟನೆಗಳು ದೂರು ಕೊಟ್ಟವು. 2010ರಲ್ಲಿ ಎಫ್‌ಟಿಎ ಆ ಯೋಜನೆಯಿಂದ 7 ಕೋಟಿ ಡಾಲರ್ ಹಿಂದಕ್ಕೆ ತೆಗೆದುಕೊಂಡಿತು. ಆ ದುಡ್ಡು ಬೇ ಏರಿಯಾದ ಬೇರೆ ಸಾರಿಗೆ ಸಂಸ್ಥೆಗಳಿಗೆ ಹೋಯಿತು.

ಈಗ ಆ ದಾರಿ ಕಿರಿದಾಗಿದೆ. ಬೇಕೆಂದೇ ಮಾಡಿದ ತಾರತಮ್ಯ ಅಂತ ತೋರಿಸಲಾಗದಿದ್ದರೆ ಟೈಟಲ್ 6 ಹಿಡಿದು ಜನಸಾಮಾನ್ಯರು ನೇರ ಕೋರ್ಟಿಗೆ ಹೋಗುವ ಹಾಗಿಲ್ಲ ಎಂದು 2001ರಲ್ಲೇ ಸುಪ್ರೀಂ ಕೋರ್ಟ್ ಹೇಳಿತ್ತು. ಸರ್ಕಾರಿ ಕೆಲಸಗಳ ಹೊರೆ ಬಡವರ, ಬಿಳಿಯರಲ್ಲದವರ ಬಡಾವಣೆಗಳ ಮೇಲೇ ಜಾಸ್ತಿ ಬೀಳುತ್ತದಾ ನೋಡಬೇಕು ಅಂದಿದ್ದ 1994ರ ‘ಪರಿಸರ ನ್ಯಾಯ’ದ ಅಧ್ಯಕ್ಷರ ಆದೇಶ 2025ರ ಜನವರಿಯಲ್ಲಿ ರದ್ದಾಯಿತು. ಉದ್ದೇಶ ಇಲ್ಲದೆಯೂ ಒಂದು ಜನಾಂಗದ ಮೇಲೆ ಜಾಸ್ತಿ ಹೊಡೆತ ಬೀಳುವ ನೀತಿಗಳ ವಿರುದ್ಧದ ಕ್ರಮಗಳನ್ನು ಹಿಂದೆ ಸರಿಸಲು ಅದೇ ಏಪ್ರಿಲ್‌ನಲ್ಲಿ ಇನ್ನೊಂದು ಆದೇಶ ಬಂತು. ಹಾಗಂತ ಕೈಚೆಲ್ಲಬೇಕಿಲ್ಲ. 1964ರ ಕಾನೂನು ಹಾಗೇ ಇದೆ. ಕ್ಯಾಲಿಫೋರ್ನಿಯಾದಂಥ ರಾಜ್ಯಗಳಿಗೆ ಅವುಗಳದೇ ಕಾನೂನುಗಳಿವೆ. ಬಸ್ ರೂಟು, ಕ್ರಾಸಿಂಗು, ಬೀದಿ ದೀಪ ನಿರ್ಧಾರ ಮಾಡುವುದು ಹೆಚ್ಚಾಗಿ ವಾಷಿಂಗ್ಟನ್ ಅಲ್ಲ, ನಿಮ್ಮ ಊರು, ಕೌಂಟಿ, ರಾಜ್ಯ, ಸಾರಿಗೆ ಸಂಸ್ಥೆ. ದೂರು ಕೊಡುವ ಮುಂಚೆ ಒಬ್ಬ ನಾಗರಿಕ ಹಕ್ಕು ವಕೀಲರ ಹತ್ತಿರ ಮಾತಾಡಿ.

ಸುರಕ್ಷತೆ ಕೇಳುವಾಗ ಪೊಲೀಸರನ್ನು ಕೇಳಬೇಡಿ

ರಸ್ತೆ ಅಪಾಯಕಾರಿ ಅನಿಸಿದಾಗ “ಪೊಲೀಸರನ್ನು ನಿಲ್ಲಿಸಿ” ಅನ್ನುವುದು ಸುಲಭ. ಹೊರೆ ಯಾರ ಮೇಲೆ ಬೀಳುತ್ತದೆ ನೋಡಿ. 2010ರಲ್ಲಿ ಜಾರ್ಜಿಯಾದ ಕಾಬ್ ಕೌಂಟಿಯಲ್ಲಿ ಒಬ್ಬ ಕಪ್ಪು ತಾಯಿ ಮಕ್ಕಳ ಜೊತೆ ಬಸ್ ಇಳಿದು, ಎದುರಿಗೇ ಇದ್ದ ತನ್ನ ಅಪಾರ್ಟ್‌ಮೆಂಟಿಗೆ ರಸ್ತೆ ದಾಟುತ್ತಿದ್ದರು. ಹತ್ತಿರದ ಕ್ರಾಸಿಂಗ್ ಮೈಲಿಯ ಮೂರನೇ ಒಂದು ಭಾಗದಷ್ಟು ದೂರ. ಕುಡಿದಿದ್ದ ಚಾಲಕನ ವಾಹನ ಹೊಡೆದು ನಾಲ್ಕು ವರ್ಷದ ಮಗ ಸತ್ತ. ಚಾಲಕ ನಿಲ್ಲಿಸದೆ ಹೋದ. ಅವನು ಆರು ತಿಂಗಳು ಜೈಲಲ್ಲಿದ್ದ. ತಾಯಿಯ ಮೇಲೂ ಕೇಸು ಹಾಕಿದರು, ಜ್ಯೂರಿ ತಪ್ಪಿತಸ್ಥೆ ಅಂದಿತು, ಮೂರು ವರ್ಷದವರೆಗೆ ಶಿಕ್ಷೆ ಆಗಬಹುದಿತ್ತು. ದೇಶವೆಲ್ಲ ಗಲಾಟೆಯಾದ ಮೇಲೆ ನ್ಯಾಯಾಧೀಶರು ಜೈಲಿಗೆ ಕಳಿಸಲಿಲ್ಲ. ಆ ಜ್ಯೂರಿಯಲ್ಲಿ ಊರಿನ ಬಸ್ಸಲ್ಲಿ ನಿತ್ಯ ಓಡಾಡುವವರು ಒಬ್ಬರೂ ಇರಲಿಲ್ಲ.

ಹಾಗಾಗಿ ಕೇಳಬೇಕಾದದ್ದು ಸಿಗ್ನಲ್, ದೀಪ, ರಸ್ತೆ ಮಧ್ಯೆ ನಿಲ್ಲಲು ಜಾಗ, ಲೇನು ಕಡಿಮೆ ಮಾಡುವುದು, ಸ್ಟಾಪನ್ನು ಕ್ರಾಸಿಂಗ್ ಹತ್ತಿರಕ್ಕೆ ಸರಿಸುವುದು. ಕಾನೂನು ಬದಲಿಸಿದ ಊರುಗಳೂ ಇವೆ. ಸಿಯಾಟಲ್ ಇರುವ ಕಿಂಗ್ ಕೌಂಟಿ 2022ರಲ್ಲಿ ಸೈಕಲ್ ಹೆಲ್ಮೆಟ್ ಕಡ್ಡಾಯವನ್ನೇ ತೆಗೆಯಿತು, ಕಪ್ಪು ಜನರಿಗೂ ಮನೆಯಿಲ್ಲದವರಿಗೂ ಜಾಸ್ತಿ ದಂಡ ಬೀಳುತ್ತಿತ್ತು ಅಂತ. ಫಿಲಡೆಲ್ಫಿಯಾ ಅದೇ ವರ್ಷ ಸಣ್ಣಪುಟ್ಟ ಕಾರಣಕ್ಕೆ ಕಾರು ನಿಲ್ಲಿಸುವುದನ್ನು ತಡೆಯಿತು. ವಾಹನ ಹತ್ತಿರ ಇಲ್ಲದಾಗ ಎಲ್ಲೆಂದರಲ್ಲಿ ರಸ್ತೆ ದಾಟಿದ್ದಕ್ಕೆ ಕ್ಯಾಲಿಫೋರ್ನಿಯಾದಲ್ಲಿ 2023ರಿಂದ ದಂಡ ಇಲ್ಲ.

ನಿಮ್ಮ ಬಡಾವಣೆಗೆ ಬಸ್ ಬರುವಾಗ

ಎಲ್ಲಕ್ಕಿಂತ ಕಷ್ಟದ ಕೆಲಸ ಇದು. ಮೀಟಿಂಗಿಗೆ ಹೋಗಿ ಬೇರೆ ಬಡಾವಣೆ ಪರ ಮಾತಾಡುವುದು ಒಂದು, ನಮ್ಮ ಬೀದಿಗೇ ಬಸ್ ಬರಲಿ ಅನ್ನುವುದು ಇನ್ನೊಂದು. “ಬಸ್ ಬಂದರೆ ಕಳ್ಳತನ ಶುರುವಾಗುತ್ತದೆ, ಮನೆ ಬೆಲೆ ಬೀಳುತ್ತದೆ, ಎಂಥೆಂಥ ಜನ ಬರುತ್ತಾರೋ.” ಇಂಥ ಮಾತನ್ನು ನಮ್ಮವರ ವಾಟ್ಸಾಪ್ ಗುಂಪುಗಳಲ್ಲೂ ಓದಿದ್ದೇನೆ. “ಎಂಥೆಂಥ ಜನ” ಅಂದರೆ ಯಾರು ಅಂತ ಎಲ್ಲರಿಗೂ ಗೊತ್ತು.

ಅಟ್ಲಾಂಟಾ ನೋಡಿ. 1971ರಲ್ಲಿ ಮಾರ್ಟಾ ಅನ್ನುವ ಅಲ್ಲಿನ ಸಾರಿಗೆ ಸಂಸ್ಥೆಯ ರೈಲು ಬಸ್ಸಿಗೆ ತೆರಿಗೆ ಕೊಡಲು ಫುಲ್ಟನ್ ಮತ್ತು ಡಿಕಾಲ್ಬ್ ಕೌಂಟಿಗಳು ಒಪ್ಪಿದವು, ಗ್ವಿನೆಟ್ ಮತ್ತು ಕ್ಲೇಟನ್ ಒಪ್ಪಲಿಲ್ಲ. ಕಾಬ್ ಅದಕ್ಕೂ ಮುಂಚೆಯೇ, 1965ರಲ್ಲಿ, ಬೇಡ ಅಂದಿತ್ತು. ಊರೊಳಗಿನ ಕಪ್ಪು ಜನ ತಮ್ಮ ಬಡಾವಣೆಗೆ ಬರುತ್ತಾರೆ ಅನ್ನುವ ಬಿಳಿಯರ ಭಯ ಅದರ ಹಿಂದೆ ಇತ್ತು. ಕ್ಲೇಟನ್‌ನಲ್ಲಿ ಆಮೇಲೆ ಕಪ್ಪು ಜನರೇ ಜಾಸ್ತಿಯಾದರು. 2010ರಲ್ಲಿ ಕೌಂಟಿಯ ಬಸ್ಸು ಪೂರ್ತಿ ನಿಂತಾಗ ಜನ ಪಟ್ಟ ಪಾಡು ಅಷ್ಟಿಷ್ಟಲ್ಲ. 2014ರಲ್ಲಿ ಅವರೇ ಮತ ಹಾಕಿ ಮಾರ್ಟಾ ಸೇರಿದರು. ಗ್ವಿನೆಟ್ 2019, 2020, 2024ರಲ್ಲೂ ಸಾರಿಗೆ ತೆರಿಗೆಗೆ ಬೇಡ ಅಂದಿತು. 2020ರಲ್ಲಿ ಸೋತದ್ದು ಸುಮಾರು ಒಂದು ಸಾವಿರ ಮತದಿಂದ. ಒಂದು ದೊಡ್ಡ ಯುಗಾದಿ ಕಾರ್ಯಕ್ರಮಕ್ಕೆ ಸೇರುವಷ್ಟು ಜನ! ಭಾರತೀಯರು ತುಂಬಾ ಇರುವ ಕೌಂಟಿ ಅದು.

ಮತ ಇದ್ದವರು ಇಂಥ ಪ್ರಸ್ತಾಪ ಬಂದಾಗ ಹಾಕಿ. ಇಲ್ಲದವರು ಇರುವವರ ಜೊತೆ ಮಾತಾಡಿ, ಅದರಲ್ಲೂ ಮನೆಮಾಲೀಕರ ಸಂಘದ ಮೀಟಿಂಗಿನಲ್ಲಿ ಯಾರಾದರೂ ಬಸ್ ಬೇಡ ಅಂದಾಗ ಸುಮ್ಮನಿರಬೇಡಿ. ಅಪ್ಪ ಅಮ್ಮನ ವಿಷಯ ಎತ್ತಿ, ಅದು ನಮ್ಮವರಿಗೆ ಬೇಗ ತಾಗುತ್ತದೆ. ಅಲ್ಲಿಗೇ ಬಿಡದೆ, ನಮ್ಮ ಆಫೀಸು, ಆಸ್ಪತ್ರೆ, ದೇವಸ್ಥಾನ ನಡೆಸುವ ಕೆಲಸಗಾರರು ಹೇಗೆ ಬರುತ್ತಾರೆ ಅಂತಲೂ ಕೇಳಿ.

ಕೊನೆಗೆ ಬೆನ್ನು ಹತ್ತುವುದು

ಒಪ್ಪಿಗೆ ಸಿಕ್ಕಿತು ಅಂದರೆ ಕೆಲಸ ಆಯಿತು ಅಂತಲ್ಲ. ಬಾಲ್ಟಿಮೋರ್‌ನ ರೆಡ್ ಲೈನ್ ರೈಲು ಕಪ್ಪು ಜನರ ಪಶ್ಚಿಮ ಬಡಾವಣೆಗಳನ್ನು ಊರಿನ ಕೆಲಸದ ಜಾಗಗಳಿಗೆ ಜೋಡಿಸಬೇಕಿತ್ತು. ವರ್ಷಗಟ್ಟಲೆ ಯೋಜನೆ ಮಾಡಿದ ಮೇಲೆ 2015ರಲ್ಲಿ ರಾಜ್ಯಪಾಲರು ರದ್ದು ಮಾಡಿದರು. ಜನ ಬಿಡಲಿಲ್ಲ, 2023ರಲ್ಲಿ ಹೊಸ ರಾಜ್ಯಪಾಲರು ಮತ್ತೆ ಕೈಗೆತ್ತಿಕೊಂಡರು. ನಿಮ್ಮ ಬೇಡಿಕೆ ಒಂದು ಬೆಂಚೇ ಆಗಿರಲಿ, ಯಾವ ವರ್ಷದ ಬಜೆಟ್ಟಿನ ಯಾವ ಸಾಲಿನಲ್ಲಿ ಇದೆ ಅಂತ ನೋಡಿಕೊಳ್ಳಿ. ಕೆಲಸ ಶುರುವಾಗುವ ತಾರೀಕನ್ನು ಫೋನಿನ ಕ್ಯಾಲೆಂಡರಿಗೆ ಹಾಕಿ. ಹೊಸ ರೈಲು, ಹೊಸ ಸ್ಟೇಷನ್ ಆದರೆ ಸುತ್ತಲಿನ ಬಾಡಿಗೆ ಏರಿ ಹಳಬರೇ ಊರು ಬಿಡಬೇಕಾಗುತ್ತದೆ. ಅದಕ್ಕೆ ಬಾಡಿಗೆದಾರರ ರಕ್ಷಣೆಯನ್ನೂ ಅದೇ ಅರ್ಜಿಯಲ್ಲಿ ಕೇಳಿ. ಬೆಂಚು ಬಂದ ಮೇಲೆ ಮೊದಲು ಜೊತೆಗೆ ನಿಂತಿದ್ದ ಪ್ರಯಾಣಿಕರಿಗೆ ಹೇಳಿ, ಮುಂದಿನ ಸ್ಟಾಪ್ ಯಾವುದು ಅಂತ ಅವರನ್ನೇ ಕೇಳಿ.